ಮದ್ದು ಹೋಯಿತು, ನಳಿಕೆ ಹೋಗಲಿಲ್ಲ

ಕುಶಾಲನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಔಷಧಿ ಅಂಗಡಿಗೂ ಲಿಫ್ಟಿಗೂ ಮಧ್ಯೆ, ಒಂದು ಗಾಜಿನ ಕಿಟಕಿ ಇದೆ. ವಿಮೆ ಇರುವವರು, ಸರ್ಕಾರಿ ಕಾರ್ಡಿನವರು ಎಲ್ಲರೂ ಅಲ್ಲಿಗೇ ಬರಬೇಕು. ಗಾಜಿನಲ್ಲಿ ಅಂಗೈ ಅಗಲದ ಒಂದು ತೂತು. ಅದು ಎದೆಯ ಮಟ್ಟಕ್ಕಿರುವುದರಿಂದ ಹೊರಗಿನವರು ಬಗ್ಗಿ ಮಾತಾಡಬೇಕು, ಒಳಗಿನವರು ಬಗ್ಗಿ ಕೇಳಿಸಿಕೊಳ್ಳಬೇಕು. ಆರೇಳು ವರ್ಷ ಹಾಗೆ ಬಗ್ಗಿದ್ದರಿಂದ ಸಣ್ಣಸ್ವಾಮಿಯವರ ಕುತ್ತಿಗೆ ಮುಂದಕ್ಕೆ ಬಂದಿತ್ತು. ರಸ್ತೆಯಲ್ಲಿ ಒಬ್ಬರೇ ನಡೆಯುವಾಗಲೂ ಯಾರದೋ ದೂರು ಕೇಳಿಸಿಕೊಳ್ಳುತ್ತಿರುವವರ ಹಾಗೆ ಕಾಣುತ್ತಿದ್ದರು.

ಅವರ ತಂದೆ ಪಿರಿಯಾಪಟ್ಟಣದ ಕಡೆಯಿಂದ ಬಂದು ಕೂಡಿಗೆಯ ಹತ್ತಿರ ಸ್ವಲ್ಪ ಜಮೀನು ಮಾಡಿಕೊಂಡವರು. ಮನೆಯಲ್ಲಿ ಪಿಯುಸಿ ಮುಟ್ಟಿದ್ದು ಸಣ್ಣಸ್ವಾಮಿ ಒಬ್ಬರೇ. ಆ ಕಾಲಕ್ಕೆ ಅಷ್ಟು ಓದಿದವರಿಗೆ ಎಸ್ಟೇಟುಗಳಲ್ಲಿ ರೈಟರ್ ಕೆಲಸ ಸಿಗುತ್ತಿತ್ತು. ಅವರಿಗೆ ಸಿಕ್ಕಿದ್ದು ನೆಲ್ಯಹುದಿಕೇರಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ. ಬೆಳಿಗ್ಗೆ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳ ಮುಂದೆ ಅವರನ್ನು ನಿಲ್ಲಿಸಿ ಹೆಸರು ಕೂಗಿ ಹಾಜರಿ ಹಾಕುವುದು, ಯಾರು ಯಾವ ಕಡೆಗೆ ಎಂದು ಹಂಚುವುದು, ಪಿಕಿಂಗ್ ಅಂದರೆ ಕಾಫಿ ಹಣ್ಣು ಕೀಳುವ ಸಮಯದಲ್ಲಿ ಸಂಜೆ ಚೀಲ ತೂಗಿ, ಒದ್ದೆಯಿದ್ದರೆ ತೂಕ ಕಳೆದು ಬರೆಯುವುದು, ಇಷ್ಟು ಕೆಲಸ. ಹಾಜರಿಯನ್ನು ಬೆಳಿಗ್ಗೆಯೇ ಹಾಕಿಬಿಡುವುದು ಅಲ್ಲಿನ ಪದ್ಧತಿ. ಆಳು ಕತ್ತಿ ಹಿಡಿದು ಬಂದು ನಿಂತ ಮೇಲೆ ಕೆಲಸ ಆದಂತೆಯೇ. ನಡುವೆ ಮಳೆ ಹಿಡಿದು ಎಲ್ಲರೂ ವಾಪಸ್ಸು ಬಂದರೆ ಸಂಜೆ ಪೆನ್ಸಿಲಿನಲ್ಲಿ ಅದನ್ನು ಅರ್ಧ ಮಾಡಿದರಾಯಿತು. ಅರ್ಧ ಹಾಜರಿಗೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಎಸ್ಟೇಟು ಬೇರೆಯವರ ಕೈಗೆ ಹೋದಾಗ ಹೊಸ ಯಜಮಾನರು ತಮ್ಮ ಜನರನ್ನೇ ತಂದುಕೊಂಡರು. ಸಣ್ಣಸ್ವಾಮಿ ಪರಿಚಯದವರೊಬ್ಬರ ಮೂಲಕ ಈ ಆಸ್ಪತ್ರೆಗೆ ಸೇರಿದರು. ಕಂಪ್ಯೂಟರ್ ಮೇಲೆ ಅವರ ಕೈ ನಿಧಾನ. ಆದರೆ ಮಲಯಾಳಂ, ತಮಿಳು, ಕೊಡವ, ಅರೆಭಾಷೆ ಎಲ್ಲದರಲ್ಲೂ ಕೆಲಸ ನಡೆಯುವಷ್ಟು ಮಾತು ಬರುತ್ತಿತ್ತು. ಕಿಟಕಿಯಲ್ಲಿ ಕೂರುವವರಿಗೆ ಅದೇ ಮುಖ್ಯ. ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಅವರ ಕರಾರು ಹೊಸದಾಗುತ್ತಿತ್ತು.

ದಿನವಿಡೀ ಅವರು ಮಾಡುತ್ತಿದ್ದುದು, ಯಾವುದಕ್ಕೆ ಬಿಲ್ಲು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ, ಯಾಕೆ ಬರುವುದಿಲ್ಲ ಎಂದು ಹೇಳುವ ಕೆಲಸ. ಜನಕ್ಕೆ ಹೆಚ್ಚು ಗೊಂದಲವಾಗುತ್ತಿದ್ದುದು ಮಂಪರು ಮದ್ದಿನ ವಿಷಯದಲ್ಲಿ. ಶ್ವಾಸಕೋಶದ ಪರೀಕ್ಷೆಗೆ ಮೂಗಿನಿಂದ ತೆಳುವಾದ ನಳಿಕೆ ಇಳಿಸುತ್ತಾರೆ. ಅದರ ತುದಿಯಲ್ಲಿ ಕ್ಯಾಮೆರಾ ಇರುತ್ತದೆ. ಎಚ್ಚರವಿದ್ದವರಿಗೆ ಅದನ್ನು ತಡೆದುಕೊಳ್ಳುವುದು ಕಷ್ಟ, ಅದಕ್ಕೇ ರಕ್ತನಾಳಕ್ಕೆ ಮಂಪರು ಮದ್ದು ಕೊಡುತ್ತಾರೆ. ನಳಿಕೆ ಇಳಿಸುವ ಡಾಕ್ಟರೇ ಮದ್ದನ್ನೂ ಕೊಟ್ಟರೆ ಅದು ಪರೀಕ್ಷೆಯೊಳಗೇ ಸೇರಿತು, ಬೇರೆ ಬಿಲ್ಲಿಲ್ಲ. ಆಗ ಉಸಿರು, ನಾಡಿ ನೋಡಿಕೊಳ್ಳುವುದಕ್ಕೆಂದೇ ಬೇರೆ ಕೆಲಸವಿಲ್ಲದ ಒಬ್ಬ ನರ್ಸ್ ಪಕ್ಕದಲ್ಲಿ ನಿಂತಿರಬೇಕು. ಅರಿವಳಿಕೆಯ ಡಾಕ್ಟರು ಪ್ರತ್ಯೇಕವಾಗಿ ಬಂದಿದ್ದರೆ ಖಾಸಗಿ ವಿಮೆಯವರು ಬೇರೆ ಬಿಲ್ಲನ್ನು ಒಪ್ಪಬಹುದು, ಮದ್ದು ಶುರುವಾದ ಮತ್ತು ಮುಗಿದ ಹೊತ್ತನ್ನು ಬರೆದಿದ್ದರೆ ಮಾತ್ರ. ಸರ್ಕಾರಿ ಕಾರ್ಡಿನಲ್ಲಿ ಈ ರಗಳೆಯೇ ಇಲ್ಲ. ನಳಿಕೆ, ಮದ್ದು, ಡಾಕ್ಟರು, ಹಾಸಿಗೆ ಎಲ್ಲ ಒಂದೇ ಗಂಟು. ಪರೀಕ್ಷೆ ಮುಗಿದರೆ ಗಂಟು ಪೂರ್ತಿ ಬರುತ್ತದೆ. ಮುಗಿಯದಿದ್ದರೆ ಏನೂ ಬರುವುದಿಲ್ಲ.

ಒಮ್ಮೆ ಸೋಮವಾರಪೇಟೆಯ ಅಡಿಕೆ ಮಂಡಿಯ ಮರುಳಸಿದ್ದಪ್ಪನವರು ತೂತಿನೊಳಗೆ ಮೂಗು ತೂರಿಸಿ ಕೇಳಿದ್ದರು.

"ಏನ್ರೀ ಇದು, ನಿದ್ದೆ ಮಾಡಿದ್ದಕ್ಕೂ ಬಿಲ್ಲಾ? ಮನೇಲಿ ದಿನಾ ಬಿಟ್ಟಿ ಮಾಡ್ತೀನಲ್ರೀ."

"ಮನೇಲಿ ಮೂಗಿಗೆ ನಳಿಕೆ ಹಾಕಿರಲ್ಲ ಸ್ವಾಮಿ."

"ನಮ್ಮನೇವ್ಳು ಹಾಕ್ದಂಗೇ ಇರ್ತಾಳೆ ಬಿಡಿ!"

ಅಂಥ ದಿನಗಳಲ್ಲಿ ಸಣ್ಣಸ್ವಾಮಿಯೂ ನಗುತ್ತಿದ್ದರು. ಹೆಚ್ಚಿನ ದಿನ ನಗುವುದಕ್ಕೆ ಶಕ್ತಿ ಉಳಿದಿರುತ್ತಿರಲಿಲ್ಲ.

ಎಸ್ಟೇಟಿನ ಒಂದು ಅಭ್ಯಾಸ ಅವರ ಜೊತೆ ಕಿಟಕಿಯವರೆಗೂ ಬಂದಿತ್ತು. ರೋಗಿಯನ್ನು ತಳ್ಳುಗಾಡಿಯಲ್ಲಿ ಒಳಗೆ ಕರೆದುಕೊಂಡು ಹೋಗುವುದು ಕಂಡ ಕೂಡಲೇ ಕಂಪ್ಯೂಟರಿನಲ್ಲಿ 'ಪರೀಕ್ಷೆ ಮುಗಿದಿದೆ' ಎಂದು ಒತ್ತಿಬಿಡುತ್ತಿದ್ದರು. ಮಳೆಗಾಲದಲ್ಲಿ ಅದಕ್ಕೆ ಕಾರಣವೂ ಇತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಕೊಂಬೆ ಬಿದ್ದು ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ಬೆಳಿಗ್ಗೆ ಹಾಕಿದ್ದೇ ಬಂತು. ಒಳಗೆ ಹೋದವರು ಪರೀಕ್ಷೆ ಮುಗಿಸಿಕೊಂಡೇ ಬರುತ್ತಿದ್ದರು, ಹಾಗಾಗಿ ಯಾರೂ ಕೇಳಿರಲಿಲ್ಲ.

ಕಳೆದ ಜುಲೈ ತಿಂಗಳಲ್ಲಿ ಹುಚ್ಚಮ್ಮ ಸರ್ಕಾರಿ ಕಾರ್ಡು ಹಿಡಿದು ಬಂದರು.

ಹುಚ್ಚಮ್ಮ ಆ ಹಳೆಯ ಎಸ್ಟೇಟಿನ ಆಳು. ಅರವತ್ತು ದಾಟಿದೆ. ಹೊಳೆ ಉಕ್ಕಿ ಬಂದ ವರ್ಷ ಲೈನ್ ಮನೆ ಬಿದ್ದ ಮೇಲೆ ಗಂಡ ಪುಟ್ಟನ ಜೊತೆ ಬೇರೊಂದು ಎಸ್ಟೇಟಿನ ಲೈನಿಗೆ ಸೇರಿಕೊಂಡಿದ್ದರು. ಪಿಕಿಂಗ್ ಮುಗಿದಾಗ ಶುರುವಾದ ಕೆಮ್ಮು ಮಳೆ ಬಂದರೂ ನಿಂತಿರಲಿಲ್ಲ. ಎಕ್ಸರೇಯಲ್ಲಿ ಬಲಗಡೆ ನೆರಳು ಕಂಡಿತ್ತು. ಕಫದ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಶ್ವಾಸಕೋಶದ ಡಾಕ್ಟರು ಅಮೃತಾ, ನೆರಳಿನ ಜಾಗದಿಂದ ಒಂದು ಚೂರು ತೆಗೆದು ನೋಡುವವರೆಗೂ ಇದು ಟಿ.ಬಿ.ಯೋ ಗಡ್ಡೆಯೋ ಹೇಳಲಾಗುವುದಿಲ್ಲ, ಹೇಳದೆ ಔಷಧಿ ಶುರು ಮಾಡಲಾಗುವುದಿಲ್ಲ ಎಂದಿದ್ದರು.

ತೂತಿನಲ್ಲಿ ಮುಖ ಕಂಡ ಕೂಡಲೇ ಹುಚ್ಚಮ್ಮ, "ರೈಟ್ರೇ, ಗುರ್ತು ಸಿಕ್ತಾ?" ಎಂದರು.

"ಸಿಗ್ದೇ ಏನು? ದಿನಾ ನನ್ನತ್ರ ಜಗಳ ಆಡ್ತಿದ್ದೆ, ತೂಕ ಕಮ್ಮಿ ಹಾಕಿದ್ರಿ ಅಂತ."

"ಹಾಕಿದ್ರಿ ಕಣೇಳಿ."

"ಇವಾಗ್ಯಾಕೆ ಬಿಡು ಆ ಮಾತು."

"ಅದ್ಕೇ ಹೇಳ್ದೆ, ಇಲ್ಲಾದ್ರೂ ಸರಿಯಾಗಿ ಹಾಕಿ."

ಪಕ್ಕದಲ್ಲಿದ್ದ ನರ್ಸ್ ವಿನುತಾ ನಕ್ಕಳು. ಅಂದಿನಿಂದ ಆಸ್ಪತ್ರೆಯಲ್ಲಿ ಸಣ್ಣಸ್ವಾಮಿಗೆ 'ರೈಟರ್ ಸಾಹೇಬ್ರು' ಎಂಬ ಹೆಸರು ಬಿತ್ತು.

ಪರೀಕ್ಷೆಯ ದಿನ ಅರಿವಳಿಕೆಯ ಡಾಕ್ಟರು ಮೈಸೂರಿನಿಂದ ಬಂದಿದ್ದರು. ವಿನುತಾ ಹುಚ್ಚಮ್ಮನ ಕೈಗೆ ಸೂಜಿ ಹಾಕುತ್ತಾ ಕೇಳಿದಳು.

"ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀರಾ ಅಜ್ಜಿ?"

"ಇಲ್ಲ ಕಣವ್ವ. ನೆನ್ನೆ ರಾತ್ರಿ ಉಂಡಿದ್ದು."

"ನೀರು?"

"ಒಂದ್ ತೊಟ್ಟೂ ಇಲ್ಲ."

ತಳ್ಳುಗಾಡಿ ಕಿಟಕಿಯ ಮುಂದೆ ಹಾದುಹೋಯಿತು. ಹುಚ್ಚಮ್ಮ ಮಲಗಿದಲ್ಲಿಂದಲೇ ಕೈ ಎತ್ತಿದರು. ಸಣ್ಣಸ್ವಾಮಿ ತಲೆಯಾಡಿಸಿ, ತಿರುಗಿ, ಮುಗಿದಿದೆ ಎಂದು ಒತ್ತಿದರು.

ಒಳಗೆ ಮದ್ದು ಹೋದ ಸ್ವಲ್ಪ ಹೊತ್ತಿಗೆ, ನಳಿಕೆ ಇನ್ನೂ ಮೂಗಿನ ಬಾಗಿಲಲ್ಲಿರುವಾಗಲೇ, ಹುಚ್ಚಮ್ಮನಿಗೆ ವಾಂತಿ ಬಂತು. ಕಂದು ಬಣ್ಣದ ನೀರು, ಬೆಲ್ಲದ ವಾಸನೆ. ತಲೆ ಪಕ್ಕಕ್ಕೆ ತಿರುಗಿಸಿ, ಬಾಯಿಯಲ್ಲಿದ್ದುದನ್ನು ಯಂತ್ರದಿಂದ ಎಳೆದು ತೆಗೆದು, ಆಮ್ಲಜನಕ ಕೊಟ್ಟರು. ಅದರಲ್ಲಿ ಒಂದಿಷ್ಟು ಶ್ವಾಸಕೋಶಕ್ಕೆ ಇಳಿದಿದ್ದರೆ ಪ್ರಾಣಕ್ಕೇ ಕುತ್ತು ಬರುತ್ತಿತ್ತು. ಇಳಿದಿರಲಿಲ್ಲ. ಪರೀಕ್ಷೆ ನಿಲ್ಲಿಸಿದರು.

ಅದು ಬೆಲ್ಲದ ಕಾಫಿ. ಪುಟ್ಟ ಮನೆಯಿಂದ ಫ್ಲಾಸ್ಕಿನಲ್ಲಿ ತಂದಿದ್ದ. ಕರೆಯುವುದಕ್ಕೆ ಸ್ವಲ್ಪ ಮೊದಲು ಇಬ್ಬರೂ ಬೆಂಚಿನ ಮೇಲೆ ಕೂತು ಕುಡಿದಿದ್ದರು. ಲೈನ್ ಮನೆಗಳಲ್ಲಿ ಹಾಲು ಹಾಕದ ಕಾಫಿಯ ಪಾತ್ರೆ ಬೆಳಗಿನ ಜಾವದಿಂದ ಒಲೆಯ ಮೇಲೇ ಇರುತ್ತದೆ. ಅದು ತಿಂಡಿಯ ಲೆಕ್ಕಕ್ಕೂ ಇಲ್ಲ, ನೀರಿನ ಲೆಕ್ಕಕ್ಕೂ ಇಲ್ಲ. ಶನಿವಾರ ಒಪ್ಪತ್ತು ಮಾಡುವವರೂ ಅದನ್ನು ಕುಡಿಯುತ್ತಾರೆ.

ಹುಚ್ಚಮ್ಮನಿಗೆ ಎಚ್ಚರವಾದ ಮೇಲೆ ವಿನುತಾ ಅಳುವ ದನಿಯಲ್ಲಿ, "ಕೇಳಿದ್ನಲ್ಲ ಅಜ್ಜಿ ನಾನು!" ಎಂದಳು.

"ಕಾಪಿ ಅಂತ ಕೇಳ್ಳಿಲ್ವಲ್ಲ ಮಗಾ."

ಇದೆಲ್ಲ ಸಣ್ಣಸ್ವಾಮಿಗೆ ಗೊತ್ತಾಗಿದ್ದು ಮಧ್ಯಾಹ್ನ, ಡಾಕ್ಟರ್ ಅಮೃತಾ ಕಿಟಕಿಯ ಹತ್ತಿರ ನಿಂತು, "ಮುಂದಿನ ವಾರ ಮತ್ತೆ ಮಾಡೋಣ, ಕಾರ್ಡಿನವರಿಂದ ಹುಚ್ಚಮ್ಮಂಗೆ ಹೊಸ ಒಪ್ಪಿಗೆ ತಗೊಳ್ಳಿ" ಎಂದಾಗ. ಅವರು ಪರದೆಯನ್ನು ನೋಡಿದರು. ಮುಗಿದಿದೆ ಎಂಬ ಹಸಿರು ಗುರುತು ಅಲ್ಲೇ ಇತ್ತು. ಅರ್ಧ ಮಾಡಲು ಅಲ್ಲಿ ಪೆನ್ಸಿಲಿಲ್ಲ. ಹೊಸ ಒಪ್ಪಿಗೆಗೆ ಕಳಿಸಿದ ಅರ್ಜಿ ಮರುದಿನವೇ ವಾಪಸ್ಸು ಬಂತು. ಈ ರೋಗಿಗೆ ಈ ಪರೀಕ್ಷೆ ಆಗಿದೆ, ಆರು ತಿಂಗಳೊಳಗೆ ಮತ್ತೆ ಅವಕಾಶವಿಲ್ಲ.

ಸಣ್ಣಸ್ವಾಮಿ ಆಡಳಿತ ನೋಡಿಕೊಳ್ಳುವ ಕೀರ್ತಿಕುಮಾರ್ ಅವರ ಕೋಣೆಗೆ ಹೋದರು. ಕೀರ್ತಿಕುಮಾರ್ ಕೆಟ್ಟವರಲ್ಲ. ಸಿಬ್ಬಂದಿಯ ಮನೆಯ ಮದುವೆ, ಸಾವುಗಳಿಗೆ ತಪ್ಪದೆ ಬರುವವರು. ಆದರೆ ಆ ವರ್ಷ ಆಸ್ಪತ್ರೆ ಹೊಸ ಕಟ್ಟಡಕ್ಕೆ ಕೈಹಾಕಿತ್ತು.

"ಮದ್ದು ಹೋಗಿದೆ ತಾನೆ?"

"ಹೋಗಿದೆ ಸಾರ್."

"ನಳಿಕೆ?"

"ಮೂಗಿನ ತನಕ."

"ಮತ್ತೆ? ಒಳಗೆ ಹೋದಂಗೇ ಆಯ್ತಲ್ರೀ. ಮೈಸೂರಿಂದ ಡಾಕ್ಟ್ರನ್ನ ಕರೆಸಿದೀವಿ. ಮುಗೀತು ಅಂದಿದ್ದನ್ನ ವಾಪಸ್ ತಗೊಂಡ್ರೆ ಮದ್ದಿಗೆ ಅಂತ ಬೇರೆ ಏನಾದ್ರೂ ಕೊಡ್ತಾರಾ?"

"ಕೊಡಲ್ಲ ಸಾರ್. ಎಲ್ಲ ಒಂದೇ ಗಂಟು. ಪರೀಕ್ಷೆ ಇಲ್ಲ ಅಂದ್ರೆ ಮದ್ದೂ ಇಲ್ಲ."

"ಹಂಗಿದ್ರೆ ಸುಮ್ನಿರಿ. ಅಜ್ಜಿನ ಮೈಸೂರು ದೊಡ್ಡಾಸ್ಪತ್ರೆಗೆ ಬರ್ಕೊಡಿ."

"ಕಾರ್ಡು ಅಲ್ಲೂ ಇದನ್ನೇ ತೋರಿಸತ್ತೆ ಸಾರ್."

"ಅಲ್ಲಿ ಅವ್ರು ಏನೋ ಮಾಡ್ಕೋತಾರೆ." ಕೀರ್ತಿಕುಮಾರ್ ದನಿ ತಗ್ಗಿಸಿದರು. "ನಿಮಗೇ ಹೇಳ್ತಿರೋದು ಸಣ್ಣಸ್ವಾಮಿ. ಇದೊಂದು ಕೆದಕಿದ್ರೆ ಕಾರ್ಡಿನವ್ರು ಹೊತ್ತು ನೋಡ್ತಾರೆ. ಅರಿವಳಿಕೆ ಡಾಕ್ಟ್ರು ಮದ್ದು ಶುರು ಮಾಡಿದ ಹೊತ್ತಿಗಿಂತ ಮೊದಲೇ ನೀವು ಮುಗೀತು ಅಂತ ಹಾಕಿದೀರಿ. ಇದೊಂದೇನಾ ಹಿಂಗೆ?"

ಇದೊಂದೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮೈಸೂರಿನ ಮಾತನ್ನು ಸಣ್ಣಸ್ವಾಮಿ ಹುಚ್ಚಮ್ಮನಿಗೆ ಹೇಳಿಯೂ ನೋಡಿದರು. ಹುಚ್ಚಮ್ಮ ಹೋಗುವುದಿಲ್ಲ ಎಂದರು. ಹಿಂದೊಮ್ಮೆ ಪುಟ್ಟನ ಕಾಲು ಮುರಿದಾಗ ಅಲ್ಲಿಗೆ ಹೋಗಿ, ಮೂರು ದಿನ ಸಾಲಿನಲ್ಲಿ ನಿಂತು, ಸಾಲು ಯಾವುದು ಎಂದೇ ತಿಳಿಯದೆ ವಾಪಸ್ಸು ಬಂದಿದ್ದರಂತೆ. "ಕೆಮ್ಕಂಡು ಇಲ್ಲೇ ಇರ್ತೀನಿ ಬಿಡಿ. ಇಲ್ಲಾದ್ರೆ ಬೈಯಕ್ಕೆ ನೀವಾದ್ರೂ ಇದೀರಿ."

ಆಮೇಲೆ ಪುಟ್ಟ ಬರತೊಡಗಿದ. ನೆಲ್ಯಹುದಿಕೇರಿಯಿಂದ ಬಸ್ಸು ಹತ್ತಿ, ಕುಂಟುತ್ತಾ ಬಂದು, ಸೋರುವ ಕೊಡೆಯನ್ನು ಬಾಗಿಲ ಹೊರಗಿಟ್ಟು ಕಿಟಕಿಯ ಪಕ್ಕ ನಿಲ್ಲುತ್ತಿದ್ದ. ಬೇರೆಯವರೆಲ್ಲ ಮುಗಿದ ಮೇಲೆ ಬಗ್ಗುತ್ತಿದ್ದ.

"ಡೇಟು ಬಂತಾ ರೈಟ್ರೇ?"

"ಇಲ್ಲ ಪುಟ್ಟ."

"ಕಾಪಿ ಕೊಟ್ಟಿದ್ದು ನಾನೇ. ಅವ್ಳು ಬ್ಯಾಡ ಅಂದ್ಲು. ನಾನೇ, ಗಂಟ್ಲು ಒಣಗತ್ತೆ ಕುಡಿ ಅಂದೆ."

"ನಿನ್ನ ಕಾಪಿಯಿಂದ ಡೇಟು ನಿಂತಿಲ್ಲ."

"ಮತ್ತೆ?"

ಅದನ್ನು ಅವನಿಗೆ ಹೇಗೆ ಹೇಳುವುದು? ಕಾಫಿಯಿಂದ ಹೋಗಿದ್ದು ಒಂದು ದಿನ. ಮುಂದಿನ ಆರು ತಿಂಗಳು ಹೋಗಿದ್ದು ಕಿಟಕಿಯೊಳಗಿನ ಬೆರಳಿನಿಂದ. ಸಣ್ಣಸ್ವಾಮಿ, "ನೆಟ್‌ವರ್ಕ್ ಇಲ್ಲ, ನಾಳೆ ನೋಡನ" ಎಂದರು. ಪುಟ್ಟ ನಂಬಿ ಹೋದ. ಎರಡು ದಿನ ಬಿಟ್ಟು ಮತ್ತೆ ಬಂದ. ಅಂದು ಒಂದು ಕವರಿನಲ್ಲಿ ಕಣಿಲೆ ತಂದಿದ್ದ. ಬಿದಿರಿನ ಎಳೆ ಮೊಳಕೆಯನ್ನು ಹೆಚ್ಚಿ, ನೆನೆಸಿ, ಅಡುಗೆಗೆ ಸಿದ್ಧ ಮಾಡಿಯೇ ತಂದಿದ್ದ. ಹೆಂಡತಿ ಈಗ ಮೆಟ್ಟಿಲು ಹತ್ತುವಾಗ ಎರಡು ಸಲ ಕೂರುತ್ತಾಳೆ ಎಂದ. ಕವರು ಗಾಜಿನ ತೂತಿನಲ್ಲಿ ತೂರಲಿಲ್ಲ. ಬಾಗಿಲಿನಿಂದ ಒಳಗೆ ಬಂದು ಮೇಜಿನ ಮೇಲಿಟ್ಟು ಹೋದ.

ಅಂದು ಊಟದ ಹೊತ್ತಿನಲ್ಲಿ, ಕೀರ್ತಿಕುಮಾರ್ ಕಟ್ಟಡದ ಕೆಲಸ ನೋಡಲು ಹೋಗಿದ್ದಾಗ, ಸಣ್ಣಸ್ವಾಮಿ ಸರ್ಕಾರಿ ಕಾರ್ಡಿನ ಯೋಜನೆಯ ಕಚೇರಿಗೆ ಫೋನ್ ಮಾಡಿದರು. ಆ ಕಡೆ ಇದ್ದದ್ದು ಒಬ್ಬ ಹೆಣ್ಣುಮಗಳು, ಅವರಷ್ಟೇ ಸುಸ್ತಾದ ದನಿ.

"ಮುಗಿದಿದೆ ಅಂತ ನೀವೇ ಹಾಕಿದೀರಲ್ಲ ಸರ್."

"ಹಾಕಿದೀನಿ ಮೇಡಂ. ಮುಗಿದಿಲ್ಲ. ಮದ್ದು ಹೋಯ್ತು, ನಳಿಕೆ ಹೋಗ್ಲಿಲ್ಲ. ವಾಂತಿ ಆಯ್ತು, ನಿಲ್ಲಿಸಿದ್ರು."

"ಹಾಗಾದ್ರೆ ಮದ್ದು ಕೊಟ್ಟ ಮೇಲೆ ಹಾಕಿದ್ರಾ?"

"ಮದ್ದು ಕೊಡೋಕೂ ಮುಂಚೆ."

"ಯಾಕೆ?"

ಸಣ್ಣಸ್ವಾಮಿ ಯೋಚಿಸಿದರು. ನೆಟ್‌ವರ್ಕಿನ ಮೇಲೆ ಹಾಕಬಹುದಿತ್ತು. "ಅಭ್ಯಾಸ ಮೇಡಂ" ಎಂದರು.

"ವಾಪಸ್ ತಗೊಂಡ್ರೆ ನಿಮ್ಮ ಆಸ್ಪತ್ರೆಗೆ ಒಂದು ರೂಪಾಯಿನೂ ಬರಲ್ಲ. ಹಳೇವೂ ತೆಗೆದು ನೋಡ್ತಾರೆ. ಗೊತ್ತಲ್ವಾ?"

"ಗೊತ್ತು."

"ನಿಮ್ಮ ಮೇಲಿನವ್ರಿಗೆ ಹೇಳಿದೀರಾ?"

"ಈಗ ಹೇಳ್ತೀನಿ."

ಕೀರ್ತಿಕುಮಾರ್ ಕೂಗಾಡಲಿಲ್ಲ. ಹೆಲ್ಮೆಟ್ ಮೇಜಿನ ಮೇಲಿಟ್ಟು, "ಒಂದು ಮಾತು ಕೇಳ್ಬೋದಿತ್ತಲ್ರೀ" ಎಂದರು.

"ಕೇಳಿದ್ರೆ ಬೇಡ ಅಂತಿದ್ರಿ ಸಾರ್."

"ಅಂತಿದ್ದೆ" ಎಂದರು ಕೀರ್ತಿಕುಮಾರ್.

ಯೋಜನೆಯ ಕಚೇರಿಯಿಂದ ತಪಾಸಣೆಗೆ ಇಬ್ಬರು ಬಂದರು. ಹಿಂದಿನ ಮೂರು ವರ್ಷದ್ದನ್ನೆಲ್ಲ ತೆಗೆದು ನೋಡಿದರು. ಸುಳ್ಳು ಪರೀಕ್ಷೆ ಒಂದೂ ಇರಲಿಲ್ಲ. ಆದರೆ ಮದ್ದಿನ ಹೊತ್ತಿಗೂ ಮುಗಿದ ಹೊತ್ತಿಗೂ ತಾಳೆಯಾಗದವು ರಾಶಿ ಇದ್ದವು. ಅವೆಲ್ಲದರ ಹಣ ತಡೆಹಿಡಿಯಲ್ಪಟ್ಟಿತು. ಊಟದ ಕೋಣೆಯಲ್ಲಿ ಸಣ್ಣಸ್ವಾಮಿ ಕೂತ ಮೇಜಿಗೆ ಯಾರೂ ಬರದಂತಾಯಿತು. ಈ ತಿಂಗಳ ಸಂಬಳ ತಡವಾದರೆ ಯಾರಿಂದ ಎಂದು ಎಲ್ಲರಿಗೂ ಗೊತ್ತಿತ್ತು. ವಿನುತಾ ಮಾತ್ರ ಒಂದು ದಿನ ತಟ್ಟೆ ತಂದು ಎದುರಿಗೆ ಕೂತು, "ರೈಟರ್ ಸಾಹೇಬ್ರೇ, ನನ್ನ ಚೀಟಿ ಹಣ ಈ ಸಲ ನೀವೇ ಕಟ್ಬೇಕು" ಎಂದಳು. ಅವಳು ಹೇಳಿದ್ದು ತಮಾಷೆಗೆ. ಅವರು ಅರ್ಧ ಊಟಕ್ಕೇ ಎದ್ದರು.

ಆಗಸ್ಟಿನಲ್ಲಿ ಕರಾರು ಹೊಸದಾಯಿತು, ಆದರೆ ಕಿಟಕಿಗಲ್ಲ. ನೆಲಮಾಳಿಗೆಯ ಸ್ಟೋರಿಗೆ, ಕಡಿಮೆ ಸಂಬಳಕ್ಕೆ. ಸಹಿ ಮಾಡಿದರು. ಐವತ್ತಮೂರರಲ್ಲಿ ಇನ್ನೆಲ್ಲಿ ಹುಡುಕುವುದು? ಮನೆಯಲ್ಲಿ ಹೆಂಡತಿ ಸಿದ್ದಮ್ಮ ಕೇಳಿದ್ದು ಇಷ್ಟೇ: "ಅಲ್ಲಿ ಕುರ್ಚಿ ಇದೆಯಾ?"

ಅದೇ ವಾರ ಹುಚ್ಚಮ್ಮನ ಹೊಸ ಒಪ್ಪಿಗೆ ಬಂತು.

ಈ ಸಲ ಮೈಸೂರಿನ ಡಾಕ್ಟರನ್ನು ಕರೆಸಲು ಕೀರ್ತಿಕುಮಾರ್ ಒಪ್ಪಲಿಲ್ಲ. ಮದ್ದನ್ನು ತಾನೇ ಕೊಡುತ್ತೇನೆ, ಸ್ವಲ್ಪವೇ ಕೊಡುತ್ತೇನೆ ಎಂದರು ಡಾಕ್ಟರ್ ಅಮೃತಾ. ಉಸಿರು ನೋಡಿಕೊಳ್ಳಲು ವಿನುತಾ ನಿಂತಳು. ಅವಳು ಈ ಸಲ ಹುಚ್ಚಮ್ಮನಿಗೆ ತಿಂಡಿ, ನೀರು, ಕಾಫಿ, ಟೀ, ಎಲೆಯಡಿಕೆ, ಪೆಪ್ಪರ್‌ಮೆಂಟು ಎಂದು ಒಂದೊಂದೇ ಹೆಸರು ಹಿಡಿದು ಕೇಳಿದಳಂತೆ. ಕೊನೆಗೆ ಹುಚ್ಚಮ್ಮನೇ, "ಉಗುಳು ನುಂಗಿದೀನಿ ಕಣವ್ವ, ಅದ್ಕೂ ವಾಪಸ್ ಕಳಿಸ್ತೀಯಾ?" ಎಂದರಂತೆ.

ಸಣ್ಣಸ್ವಾಮಿ ಸ್ಟೋರಿನಿಂದ ಮೇಲೆ ಬಂದು ಬೆಂಚಿನ ಮೇಲೆ ಪುಟ್ಟನ ಪಕ್ಕ ಕೂತರು. ಕಿಟಕಿಯಲ್ಲಿ ಹೊಸ ಹುಡುಗಿ ಇದ್ದಳು. ಪರೀಕ್ಷೆಯ ಕೋಣೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗಿನಿಂದ ಮಂಪರಿನಲ್ಲಿ ತೊದಲುವ ದನಿ ಕೇಳಿಸಿತು.

"ಚೀಲ... ನನ್ ಚೀಲ ತೂಗಿ ರೈಟ್ರೇ... ಒದ್ದೆ ಇಲ್ಲ... ಒಣಗೈತೆ..."

ಪುಟ್ಟ ಎದ್ದು ನಿಂತ. ಸಣ್ಣಸ್ವಾಮಿ ಅವನ ಅಂಗಿಯ ಚುಂಗು ಹಿಡಿದು ಕೂರಿಸಿದರು.

"ಮಾತಾಡ್ತಾವ್ಳೆ."

"ಮಾತಾಡ್ಲಿ ಬಿಡು. ಉಸಿರಾಡ್ತಾವ್ಳೆ ಅಂತ ಅರ್ಥ."

ಆಮೇಲೆ ಒಳಗಿನ ಮಾತು ನಿಂತಿತು. ಬಹಳ ಹೊತ್ತು ಯಂತ್ರದ ಸದ್ದು ಮಾತ್ರ ಇತ್ತು. ವಿನುತಾ ಹೊರಗೆ ಬಂದಾಗ ಅವಳ ಕೈಯಲ್ಲಿ ಮುಚ್ಚಳ ಹಾಕಿದ ಸಣ್ಣ ಸೀಸೆ ಇತ್ತು. ಅದರೊಳಗೆ ಅಕ್ಕಿ ನುಚ್ಚಿನಂಥ ಮೂರು ಚೂರುಗಳು. "ಸಿಕ್ತು" ಎಂದಳು.

ಸೀಸೆಯನ್ನು ಮೈಸೂರಿನ ಪ್ರಯೋಗಾಲಯಕ್ಕೆ ಬಸ್ಸಿನಲ್ಲಿ ಕಳಿಸಬೇಕಿತ್ತು, ಅದು ಸ್ಟೋರಿನವರ ಕೆಲಸ. ಥರ್ಮೋಕೋಲ್ ಪೆಟ್ಟಿಗೆಯನ್ನು ಮಳೆಯಿಂದ ಮರೆಮಾಡಿಕೊಂಡು ಸಣ್ಣಸ್ವಾಮಿ ಬಸ್ ನಿಲ್ದಾಣಕ್ಕೆ ನಡೆದರು. ಕಂಡಕ್ಟರ್ ಪೆಟ್ಟಿಗೆ ಎತ್ತಿ ಅಲುಗಿಸಿ, "ಏನಣ್ಣ, ಹಾರಂಗಿ ಮೀನಾ?" ಎಂದ. ಅಲುಗಿಸಬೇಡ ಮಾರಾಯ ಎಂದು ಅದನ್ನು ಕಿತ್ತುಕೊಂಡು, ತಾವೇ ಹತ್ತಿ, ಡ್ರೈವರನ ಹಿಂದಿನ ಸೀಟಿನ ಕೆಳಗೆ ಅಲ್ಲಾಡದಂತೆ ಸಿಕ್ಕಿಸಿ ಇಳಿದರು.

ವರದಿ ಬಂದಾಗ ಅದು ಟಿ.ಬಿ. ಎಂದಿತ್ತು. ಗಡ್ಡೆ ಅಲ್ಲ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುತ್ತದೆ, ಆರು ತಿಂಗಳು ಬಿಡದೆ ನುಂಗಬೇಕು ಎಂದು ಡಾಕ್ಟರ್ ಅಮೃತಾ ಹೇಳಿ ಕಳಿಸಿದರು. ಹುಚ್ಚಮ್ಮ ಪುಟ್ಟನ ಭುಜ ಹಿಡಿದು ನೆಲಮಾಳಿಗೆಯ ಮೆಟ್ಟಿಲು ಇಳಿದು ಬಂದರು. ಇಳಿದ ಮೇಲೆ ಬಹಳ ಹೊತ್ತು ಕೆಮ್ಮಿದರು.

"ಟೀಬಿ ಅಂತೆ ರೈಟ್ರೇ."

"ಗೊತ್ತಾಯ್ತು."

"ನಮ್ಮ ಲೈನಲ್ಲೇ ಮೂರ್ ಜನಕ್ಕೆ ಬಂದು ಹೋಗೈತೆ. ಇಷ್ಟು ಹೇಳಕ್ಕೆ ಇಷ್ಟು ದಿನ ಬೇಕಾ ನಿಮ್ಗೆ?"

ಸಣ್ಣಸ್ವಾಮಿ ಸಲೈನ್ ಬಾಟಲಿಯ ಪೆಟ್ಟಿಗೆಯೊಂದನ್ನು ಅವರ ಕಡೆಗೆ ತಳ್ಳಿದರು. ಕೋಣೆಯಲ್ಲಿ ಕುರ್ಚಿ ಇದ್ದದ್ದು ಒಂದೇ, ಅದರ ಮೇಲೆ ಕೈಗವಸಿನ ಕಟ್ಟುಗಳಿದ್ದವು. ಹುಚ್ಚಮ್ಮ ಕೂತರು. ಪುಟ್ಟ ಗೋಡೆಗೆ ಒರಗಿದ.

"ಬೇಕಾಯ್ತು ಹುಚ್ಚಮ್ಮ" ಎಂದರು ಸಣ್ಣಸ್ವಾಮಿ. "ಸುಧಾರಿಸ್ಕೊಂಡು ಹೋಗು. ಮೆಟ್ಲು ಇಳಿದಂಗಲ್ಲ ಹತ್ತೋದು."